ಟೋಲ್ ಬೇಡವೆಂದರೆ ಕಿನ್ನಿಗೋಳಿ ದಾರಿ ಏಕೆ?

ಉಡುಪಿಯಿಂದ ಮಂಗಳೂರಿಗೆ ಹೊರಟ ಕಾರನ್ನು ಅದರ ನ್ಯಾವಿಗೇಷನ್ ಕಟಪಾಡಿಯಲ್ಲೇ ಎಡಕ್ಕೆ ತಿರುಗಿಸಿ, ಶಿರ್ವ, ಬೆಳ್ಮಣ್, ಕಿನ್ನಿಗೋಳಿ, ಬಜ್ಪೆಗಳನ್ನೆಲ್ಲ ಸುತ್ತಿಸಿ ಊರಿಗೆ ಮುಟ್ಟಿಸಿತು ಎಂಬ ದೂರು ನಮ್ಮ ವರ್ಕ್‌ಶಾಪಿಗೆ ಆಗಾಗ ಬರುತ್ತದೆ. "ಇದರ ತಲೆ ಕೆಟ್ಟಿದೆ ಮಾರಾಯ್ರೆ, ಸಾಫ್ಟ್‌ವೇರ್ ಹೊಸದು ಹಾಕಿ ಕೊಡಿ" ಎನ್ನುವವರ ಎದುರಿನಲ್ಲೇ ನಾವು ಮೊದಲು ತೆರೆಯುವುದು ಮಾರ್ಗದ ಆಯ್ಕೆಗಳ ಪುಟವನ್ನು. ಹೆಚ್ಚಿನ ಸಲ ಅಲ್ಲಿ 'ಟೋಲ್ ರಸ್ತೆ ಬೇಡ' ಎಂಬುದು ಆನ್ ಆಗಿರುತ್ತದೆ. ಮನೆಯ ಮಕ್ಕಳೋ ಕಾರಿನ ಹಿಂದಿನ ಮಾಲೀಕರೋ ಎಂದೋ ಒತ್ತಿ ಮರೆತ ಆಯ್ಕೆ ಅದು. ಸಾಮಾನ್ಯವಾಗಿ ಇಂಜಿನ್ ಆರಿಸಿದರೂ ಅಳಿಯುವುದಿಲ್ಲ. ಹೆಜಮಾಡಿಯ ಟೋಲ್‌ಗೇಟನ್ನು ತಪ್ಪಿಸಬೇಕೆಂಬ ಆಜ್ಞೆಯನ್ನು ಯಂತ್ರ ಚಾಚೂ ತಪ್ಪದೆ ಪಾಲಿಸಿದೆ, ಅಷ್ಟೆ.

ದಾರಿಯನ್ನು ಉಪಗ್ರಹವೇ ತೋರಿಸುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಉಪಗ್ರಹಗಳ ಕೆಲಸ ಸಂಕೇತ ಕಳುಹಿಸುವುದಕ್ಕೆ ಮುಗಿಯುತ್ತದೆ. ಕನಿಷ್ಠ 4 ಉಪಗ್ರಹಗಳ ಸಂಕೇತದಿಂದ ಕಾರು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ದಾರಿ ಹುಡುಕುವ ಕೆಲಸವೆಲ್ಲ ಕಾರಿನೊಳಗಿನ ನಕ್ಷೆಯ ಮೇಲೆಯೇ ನಡೆಯುತ್ತದೆ. ಆ ನಕ್ಷೆಯಲ್ಲಿ ಪ್ರತಿ ರಸ್ತೆಯೂ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ತುಂಡುಗಳಾಗಿ ಒಡೆದಿರುತ್ತದೆ. ಪ್ರತಿ ತುಂಡಿಗೂ ಅದರ ಉದ್ದ, ದರ್ಜೆ, ಅಂದಾಜು ವೇಗ, ಏಕಮುಖವೇ, ಟೋಲ್ ಇದೆಯೇ ಎಂಬ ವಿವರಗಳು ಅಂಟಿಕೊಂಡಿರುತ್ತವೆ. ಇವುಗಳಿಂದ ತುಂಡಿಗೊಂದು ವೆಚ್ಚ ಕಟ್ಟಿ, ಒಟ್ಟು ವೆಚ್ಚ ಅತಿ ಕಡಿಮೆಯಾಗುವ ಸರಪಳಿಯನ್ನು ಹುಡುಕುವುದೇ ಮಾರ್ಗದ ಲೆಕ್ಕ. ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವೇ ಇಂಥ ಹುಡುಕಾಟಕ್ಕೆ ಬುನಾದಿ. ನಾವು ಆಯ್ಕೆಯೊಂದನ್ನು ಒತ್ತಿದಾಗ ಬದಲಾಗುವುದು ಈ ವೆಚ್ಚ ಮಾತ್ರ. ಗುಂಡಿ ಬಿದ್ದ ಡಾಮರು, ಎದುರಿನಿಂದ ಬರುವ ಬಸ್ಸು, ದಾರಿಯಲ್ಲಿ ನಡೆಯುತ್ತಿರುವ ಜಾತ್ರೆ ಇವು ಯಾವುವೂ ಆ ವೆಚ್ಚದಲ್ಲಿ ಇಲ್ಲ.

ಅದೇ ಪುಟದಲ್ಲಿರುವ 'ಫಾಸ್ಟ್' (ಬೇಗ ಮುಟ್ಟುವ ದಾರಿ) ಮತ್ತು 'ಶಾರ್ಟ್' (ದೂರ ಕಡಿಮೆಯಿರುವ ದಾರಿ) ಆಯ್ಕೆಗಳ ನಡುವಿನ ವ್ಯತ್ಯಾಸ ಇಲ್ಲಿಯೇ ತಿಳಿಯುತ್ತದೆ. 60 ಕಿ.ಮೀ. ವೇಗದ 10 ಕಿ.ಮೀ. ಹೆದ್ದಾರಿಗೆ 10 ನಿಮಿಷ ಬೇಕು; 30 ಕಿ.ಮೀ. ವೇಗದ 8 ಕಿ.ಮೀ. ಒಳರಸ್ತೆಗೆ 16 ನಿಮಿಷ ಬೇಕು. 'ಶಾರ್ಟ್' ಎಂದರೆ ಯಂತ್ರ ಕಣ್ಣು ಮುಚ್ಚಿ ಎರಡನೆಯದನ್ನೇ ಆರಿಸುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಸಮಯಕ್ಕೆ ಬೆಲೆಯೇ ಇಲ್ಲ. ನಮ್ಮ ಕಡೆ ಆ 8 ಕಿ.ಮೀ. ಎಂದರೆ ತೋಟಗಳ ನಡುವಿನ, ಒಂದೇ ಕಾರು ಹಿಡಿಸುವ ಕಾಂಕ್ರೀಟ್ ರಸ್ತೆಯಾಗಿರುವ ಸಾಧ್ಯತೆ ಹೆಚ್ಚು; ಎದುರಿಗೆ ಪಿಕಪ್ ಬಂದರೆ ಯಾರದೋ ಮನೆಯ ಗೇಟಿನವರೆಗೆ ರಿವರ್ಸ್ ಹೋಗಬೇಕಾಗುತ್ತದೆ. ಕರಾವಳಿಯಲ್ಲಿ 'ಶಾರ್ಟ್' ಆಯ್ಕೆಯನ್ನು ಬಳಸಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. 'ಇಕೋ' ಎಂಬ ಇನ್ನೊಂದು ಆಯ್ಕೆ ಇಂಧನವನ್ನು ಅಂದಾಜಿಸಿ, ಅದು ಕಡಿಮೆ ಸಾಕಾಗುವ ದಾರಿ ಹುಡುಕುತ್ತದೆ; ಏರು, ಇಳಿತ, ನಿಲುಗಡೆಗಳನ್ನು ಎಷ್ಟು ಗಣಿಸುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ, ಅದನ್ನು ಒಮ್ಮೆ ಹಚ್ಚಿ ನೋಡಿ ನಿರ್ಧರಿಸುವುದೇ ಸರಿ.

'ಬೇಡ' ಎಂಬ ಆಯ್ಕೆಗಳು ಇನ್ನೂ ಸೂಕ್ಷ್ಮವಾದವು. ಬಯಲುಸೀಮೆಯ ಜಿಲ್ಲೆಯಲ್ಲಿ ಹೆದ್ದಾರಿ ಬಿಟ್ಟರೆ ಪಕ್ಕದಲ್ಲೇ ಇನ್ನೊಂದು ರಸ್ತೆ ಸಿಗಬಹುದು. ಇಲ್ಲಿ ನದಿಗಳೆಲ್ಲ ಘಟ್ಟದಿಂದ ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ, ನಾವಾದರೋ ಉತ್ತರ-ದಕ್ಷಿಣವಾಗಿ ಓಡಾಡುತ್ತೇವೆ. ಉಡುಪಿ-ಮಂಗಳೂರು ನಡುವೆ ಉದ್ಯಾವರ, ಶಾಂಭವಿ, ನಂದಿನಿ, ಫಲ್ಗುಣಿ ನದಿಗಳನ್ನು ದಾಟಲು ಸೇತುವೆ ಇದ್ದಲ್ಲಿಗೇ ಹೋಗಬೇಕು. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ 66ರ ಒಂದು ತುಂಡನ್ನು ಬೇಡವೆಂದ ಕೂಡಲೇ ಯಂತ್ರ ಒಳನಾಡಿನ ಸೇತುವೆಗಳನ್ನು ಹುಡುಕಿಕೊಂಡು ಬಹಳ ದೂರ ಸರಿಯುತ್ತದೆ. ಟೋಲ್‌ನಲ್ಲಿ ಉಳಿಸಿದ ಹಣ ಪೆಟ್ರೋಲಿನಲ್ಲಿ ಹೋಗುವುದುಂಟು. ಹಾಗೆಯೇ 'ಬೇಡ' ಎಂಬುದನ್ನು ಅನೇಕ ಕಾರುಗಳು ಪೂರ್ಣ ನಿಷೇಧವೆಂದು ಗಣಿಸದೆ, ಆ ರಸ್ತೆಗೆ ದೊಡ್ಡ ದಂಡ ಹಾಕಿದಂತೆ ಲೆಕ್ಕ ಹಾಕುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಟೋಲ್ ರಸ್ತೆಯಲ್ಲೇ ಕರೆದೊಯ್ದು, ಪರದೆಯ ಮೇಲೆ ಸಣ್ಣದೊಂದು ಸೂಚನೆ ಕೊಟ್ಟು ಸುಮ್ಮನಾಗುತ್ತವೆ. 'ಮಣ್ಣು ರಸ್ತೆ ಬೇಡ' ಎಂಬುದೊಂದನ್ನು ಮಾತ್ರ, ಅದರಲ್ಲೂ ಮಳೆಗಾಲದಲ್ಲಿ, ಸದಾ ಆನ್ ಇಡಿ.

ಘಟ್ಟ ಹತ್ತುವವರಿಗೆ ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು 'ವಯಾ' ಸ್ಥಳ ಸೇರಿಸುವ ಸೌಲಭ್ಯ. ಬೆಂಗಳೂರಿಗೆ ಶಿರಾಡಿಯಲ್ಲಿ ಹೋಗಬೇಕೋ ಚಾರ್ಮಾಡಿಯಲ್ಲಿ ಹೋಗಬೇಕೋ ಎಂಬುದನ್ನು ಫಾಸ್ಟ್-ಶಾರ್ಟ್‌ಗಳ ತೀರ್ಮಾನಕ್ಕೆ ಬಿಡುವ ಬದಲು, ಶಿರಾಡಿಗಾದರೆ ಸಕಲೇಶಪುರವನ್ನು, ಚಾರ್ಮಾಡಿಗಾದರೆ ಕೊಟ್ಟಿಗೆಹಾರವನ್ನು, ಉಡುಪಿಯಿಂದ ಆಗುಂಬೆಗಾದರೆ ಹೆಬ್ರಿಯ ನಂತರ ಆಗುಂಬೆಯನ್ನೇ ನಡುವಿನ ಸ್ಥಳವಾಗಿ ಕೊಡಿ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಅಥವಾ ಜಿಲ್ಲಾಡಳಿತ ರಾತ್ರಿ ಸಂಚಾರ ನಿರ್ಬಂಧಿಸಿದಾಗ ಕಾರಿಗೆ ತಾನಾಗಿ ತಿಳಿಯುವುದು ಕಷ್ಟ, ನಿಮಗೆ ಪತ್ರಿಕೆಯಿಂದ ತಿಳಿದಿರುತ್ತದೆ. ಒಂದು ಎಚ್ಚರಿಕೆ ಬೇಕು: ವಯಾ ಸ್ಥಳವನ್ನು ಊರಿನ ಹೆಸರು ಬರೆದು ಕೊಟ್ಟರೆ ಯಂತ್ರ ನಿಮ್ಮನ್ನು ಪೇಟೆಯ ನಡುವಿಗೆ ಇಳಿಸಬಹುದು. ನಕ್ಷೆಯನ್ನು ದೊಡ್ಡದು ಮಾಡಿ ಹೆದ್ದಾರಿಯ ಮೇಲೆಯೇ ಬೆರಳಿಡಿ. ಚತುಷ್ಪಥದಲ್ಲಾದರೆ ನೀವು ಹೋಗುವ ಬದಿಯ ಮೇಲೆಯೇ ಇಡಬೇಕು, ಇಲ್ಲವಾದರೆ ಮುಂದೆ ಯೂ-ಟರ್ನ್ ಹೊಡೆಸಿ ಹಿಂದಕ್ಕೆ ತರುತ್ತದೆ.

ಫೋನಿನ ನಕ್ಷೆ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಶಿರಾಡಿಯಲ್ಲಿ ನೆಟ್‌ವರ್ಕ್ ಹೋದ ಮೇಲೆ ದಾರಿ ತಪ್ಪಿದರೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳದ ಫೋನು ಹೊಸ ದಾರಿ ಹುಡುಕಲು ತಡಬಡಿಸುತ್ತದೆ. ಕಾರಿನದು ತನ್ನಲ್ಲೇ ಇರುವ ನಕ್ಷೆಯಿಂದ ತಕ್ಷಣ ಹುಡುಕುತ್ತದೆ. ಮರಗಳ ದಟ್ಟಣೆಯಲ್ಲಿ ಉಪಗ್ರಹದ ಸಂಕೇತ ಕ್ಷೀಣಿಸಿದರೂ ಚಕ್ರದ ವೇಗ ಮತ್ತು ಕಾರು ಎತ್ತ ತಿರುಗಿತೆಂದು ಅಳೆಯುವ ಜೈರೋ ಸಂವೇದಕದ ನೆರವಿನಿಂದ ಸ್ಥಾನವನ್ನು ಅಂದಾಜಿಸುವ ವ್ಯವಸ್ಥೆ ಅನೇಕ ಕಾರುಗಳಲ್ಲಿದೆ. ಕಾರಿನ ನ್ಯಾವಿಗೇಷನ್‌ನ ದೌರ್ಬಲ್ಯ ನಕ್ಷೆಯ ವಯಸ್ಸು. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ವಿಮಾನ ನಿಲ್ದಾಣದ ಆ ದಾರಿ ಮುಚ್ಚಿದಾಗ, ಇಂಟರ್ನೆಟ್ ಸಂಪರ್ಕವಿಲ್ಲದ ಕಾರುಗಳಿಗೆ ಸುದ್ದಿ ಮುಟ್ಟುವ ಮಾರ್ಗವೇ ಇರಲಿಲ್ಲ. ನಿಮ್ಮ ನಕ್ಷೆ ಎಷ್ಟು ಹಳೆಯದೆಂದು ನೋಡಲು ಮಂಗಳೂರಿನವರಿಗೆ ಸುಲಭ ಪರೀಕ್ಷೆಯೊಂದಿದೆ: ನೇತ್ರಾವತಿಯ ಮೇಲೆ ಹರೇಕಳ-ಅಡ್ಯಾರ್ ಕಿಂಡಿ ಅಣೆಕಟ್ಟಿನ ಸೇತುವೆ ಕಾರಿನ ಪರದೆಯಲ್ಲಿ ಕಾಣುತ್ತದೆಯೇ ನೋಡಿ. ಅಲ್ಲಿ ಬರಿಯ ನೀರು ಕಂಡರೆ ಮುಂದಿನ ಸರ್ವಿಸ್‌ಗೆ ಬರುವಾಗ ನಕ್ಷೆಯ ಅಪ್‌ಡೇಟನ್ನೂ ಕೇಳಿ; ಅಪ್‌ಡೇಟ್ ಆದ ಬಳಿಕ ಆಯ್ಕೆಗಳ ಪುಟವನ್ನು ಮತ್ತೊಮ್ಮೆ ತೆರೆದು ನೋಡಿ, ಏಕೆಂದರೆ ಕೆಲವು ಮಾದರಿಗಳಲ್ಲಿ ನೀವು ಇಟ್ಟಿದ್ದೆಲ್ಲ ಅಳಿದು ಕಂಪನಿಯ ಮೂಲ ಆಯ್ಕೆಗಳೇ ಮರಳಿ ಬಂದಿರುತ್ತವೆ.