ಮನೆ ಸಾಲ ಬೇಕಿದ್ದರೆ ಮೂರು ವರ್ಷ ಮೊದಲೇ ಬನ್ನಿ

"ಸರ್, ಖರ್ಚೆಲ್ಲ ಕಳೆದು ತಿಂಗಳಿಗೆ ಎಂಬತ್ತು ಸಾವಿರ ಉಳಿಯುತ್ತೆ. ಮೂವತ್ತು ಲಕ್ಷ ಸಾಲ ಕೊಡೋಕೆ ಬ್ಯಾಂಕಿನವರಿಗೆ ಏನು ಕಷ್ಟ?"

ವೆಲ್ಡಿಂಗ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಒಬ್ಬರು ನನ್ನ ಟ್ಯಾಕ್ಸ್ ಸಲಹೆಯ ಆಫೀಸಿಗೆ ಬಂದು ಕೇಳಿದ ಪ್ರಶ್ನೆ ಇದು. ಗೇಟು, ಗ್ರಿಲ್, ಶೆಡ್ ಅಂತ ಕೈತುಂಬ ಕೆಲಸ. ಬ್ಯಾಂಕಿನವರು ಮಾತ್ರ ಹನ್ನೆರಡೂವರೆ ಲಕ್ಷಕ್ಕೆ ನಿಂತುಬಿಟ್ಟಿದ್ದರು.

ಅವರ ಐಟಿ ರಿಟರ್ನ್ ತೆಗೆದು ನೋಡಿದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಇಂತಿಷ್ಟು ಪಾಲನ್ನು ಲಾಭ ಅಂತ ತೋರಿಸುವ ಅಂದಾಜು ಪದ್ಧತಿಯಲ್ಲಿ ಹಾಕಿದ್ದರು. ವಹಿವಾಟು 60 ಲಕ್ಷ, ಅದರ ಶೇ 8ರಷ್ಟು ಲಾಭ, ಅಂದರೆ 4.8 ಲಕ್ಷ. ಲೆಕ್ಕದ ಪುಸ್ತಕ ಇಡುವ ತಲೆನೋವಿಲ್ಲ, ಹಳೆ ತೆರಿಗೆ ಪದ್ಧತಿಯಲ್ಲಿ ಐದು ಲಕ್ಷ ದಾಟದ್ದರಿಂದ ಟ್ಯಾಕ್ಸೂ ಇಲ್ಲ. ಆದರೆ ಬ್ಯಾಂಕಿನ ಪಾಲಿಗೆ ಇವರ ದುಡಿಮೆ ತಿಂಗಳಿಗೆ 40 ಸಾವಿರ. ಅದರಲ್ಲಿ ಹೆಚ್ಚೆಂದರೆ ಅರ್ಧ ಕಂತಿಗೆ ಅಂತ ಹಿಡಿದರು. ಗೂಡ್ಸ್ ಗಾಡಿ ಸಾಲದ ಕಂತು 9 ಸಾವಿರ ಕಳೆದರೆ ಉಳಿದದ್ದು 11 ಸಾವಿರ. ಶೇ 8.5 ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು ಬೀಳುತ್ತದೆ. ನೀವೇ ಭಾಗಿಸಿ ನೋಡಿ.

ನಗದಿನಲ್ಲಿ ಬಂದ ವಹಿವಾಟಿಗೆ ಶೇ 8 ಅನ್ನೋದು ಕನಿಷ್ಠ ಲೆಕ್ಕ (ಬ್ಯಾಂಕ್, ಯುಪಿಐ ಮೂಲಕ ಬಂದದ್ದಕ್ಕೆ ಶೇ 6). ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಅದನ್ನೇ ತೋರಿಸಬೇಕು. ಇದನ್ನು ಹೇಳಿದರೆ ಜನ ನನ್ನನ್ನೇ ಇನ್‌ಕಮ್ ಟ್ಯಾಕ್ಸ್‌ನವನ ಹಾಗೆ ನೋಡುತ್ತಾರೆ! ಈಗಂತೂ ಮುಚ್ಚಿಟ್ಟು ಉಳಿಸುವುದೂ ಏನಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ವ್ಯಾಪಾರದ ಆದಾಯಕ್ಕೆ ಟ್ಯಾಕ್ಸ್ ಬೀಳುವುದಿಲ್ಲ. ಇವರ ನಿಜವಾದ ಲಾಭ 9.6 ಲಕ್ಷ ತಾನೇ?

"ಹಾಗಾದ್ರೆ ಹಿಂದಿನ ವರ್ಷಗಳದ್ದನ್ನೂ ಏರಿಸಿ ಹಾಕಿಬಿಡಿ" ಅಂದರು. ತಿದ್ದಿದ ರಿಟರ್ನ್ ಹಾಕಲು ದಾರಿ ಇದೆ, ಆದರೆ ಮೇಲೆ ದಂಡದಂತೆ ಹೆಚ್ಚುವರಿ ಟ್ಯಾಕ್ಸ್ ಬೀಳುತ್ತದೆ. ಅದೂ ಅಲ್ಲದೆ, ಬ್ಯಾಂಕಿನವರು ಎರಡು-ಮೂರು ವರ್ಷದ ರಿಟರ್ನ್ ಕೇಳುವಾಗ ಮೊತ್ತದ ಜೊತೆ ಸಲ್ಲಿಸಿದ ತಾರೀಕನ್ನೂ ನೋಡುತ್ತಾರೆ. ಮೂರೂ ಒಂದೇ ವಾರದಲ್ಲಿ ಹಾಕಿದ್ದರೆ ಸಾಲಕ್ಕೋಸ್ಕರವೇ ಮಾಡಿದ್ದು ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ? ಅದಕ್ಕೇ ಮೊದಲೇ ಬನ್ನಿ ಅನ್ನೋದು.

ಇನ್ನೊಂದು ಎಡವಟ್ಟು ವರ್ಕ್‌ಶಾಪ್ ಗೋಡೆಯ ಮೇಲೇ ಇತ್ತು. ಅಲ್ಲಿ ಅಂಟಿಸಿದ್ದ ಕ್ಯೂಆರ್ ಕೋಡ್ ಮಗನ ಉಳಿತಾಯ ಖಾತೆಯದು! ಗಿರಾಕಿ ಕೊಟ್ಟ ದುಡ್ಡೆಲ್ಲ ಅಲ್ಲಿಗೆ, ಕರೆಂಟ್ ಅಕೌಂಟ್ ಮಾತ್ರ ಒಣಗಿತ್ತು. ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ಫೈಲು ಮುಂದೆ ಹೋಗುವುದಿಲ್ಲ. ಸೈಟು ಬಿ ಖಾತೆಯದ್ದಾದರಂತೂ, ಅಂದರೆ ಪೂರ್ತಿ ಸಕ್ರಮವಾಗದ ಆಸ್ತಿಯಾದರಂತೂ, ಬಹಳಷ್ಟು ಬ್ಯಾಂಕುಗಳು ಫೈಲನ್ನೇ ತೆಗೆದುಕೊಳ್ಳುವುದಿಲ್ಲ. ಇವರ ಪುಣ್ಯ, ಅದೊಂದು ಸರಿಯಿತ್ತು.

ಗಾಡಿ ಸಾಲ ಎಷ್ಟು ಬಾಕಿ ಅಂತ ಕೇಳಿದೆ. ಒಂದೂವರೆ ಲಕ್ಷ ಅಂದರು. ಅದನ್ನು ತೀರಿಸಿದರೆ ಇದೇ ರಿಟರ್ನ್ ಮೇಲೆ ಸಾಲ 23 ಲಕ್ಷಕ್ಕೆ ಹೋಗುತ್ತದೆ ಅಂತ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದೆ. ಸುಮ್ನೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಂಡತಿಗೆ ಫೋನ್ ಮಾಡಿ, "ಆ ಚೀಟಿ ಈ ಸಲ ಎತ್ತಿಬಿಡೋಣ" ಅಂದರು.