ಮಾತ್ರೆಯ ತೊಂದರೆಯನ್ನು ಕಾಯಿಲೆ ಅಂದುಕೊಂಡಾಗ

"ಮಾತ್ರೆ ಶುರು ಮಾಡಿದ ಮೇಲೆ ಇವನಿಗೆ ಇನ್ನೂ ಜಾಸ್ತಿಯಾಗಿದೆ ಡಾಕ್ಟ್ರೇ. ಒಂದು ಕಡೆ ಕೂರಲ್ಲ. ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡ್ತಾನೆ."

ಮಡಿಕೇರಿಯಲ್ಲಿ ಮನೋವೈದ್ಯನಾಗಿ ನಾನು ಪದೇ ಪದೇ ಕೇಳುವ ಮಾತಿದು. ಮಾತ್ರೆ ಅಂದರೆ ಇಲ್ಲಿ ಆಂಟಿಸೈಕೋಟಿಕ್, ಭ್ರಮೆ, ಸಂಶಯಗಳು ಕಾಡುವ ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಔಷಧಿ. ಹೇಳುವವರು ಹೆಚ್ಚಾಗಿ ತಾಯಿ ಅಥವಾ ಹೆಂಡತಿ, ಕೆಲವೊಮ್ಮೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಆಗ ನಾನು ರೋಗಿಯನ್ನೇ ಕೇಳುತ್ತೇನೆ: ಕೂತರೆ ಕಾಲಿಗೆ ಏನನ್ನಿಸುತ್ತದೆ? "ಒಳಗಿನಿಂದ ಯಾರೋ ಎಬ್ಬಿಸಿದ ಹಾಗೆ. ನಡೆದರೆ ಸ್ವಲ್ಪ ಸಮಾಧಾನ" ಎಂಬ ಉತ್ತರ ಬಂದರೆ, ಅದು ಬಹುಮಟ್ಟಿಗೆ ಕಾಯಿಲೆಯಲ್ಲ, ಮಾತ್ರೆಯ ತೊಂದರೆ. ಅಕಥೀಸಿಯಾ ಎನ್ನುತ್ತೇವೆ. ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವೇ ದಿನ, ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಕಾಯಿಲೆಯೇ ಏರಿದೆ ಅಂದುಕೊಂಡು ಡೋಸ್ ಹೆಚ್ಚಿಸಿದರೆ ಈ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ತಡೆಯಲಾಗದೆ ಸಾಯುವ ಯೋಚನೆ ಮಾಡಿದವರೂ ಇದ್ದಾರೆ. ಡೋಸ್ ಇಳಿಸಿದರೆ, ಔಷಧಿ ಬದಲಿಸಿದರೆ, ಆಸ್ತಮಾ ಇಲ್ಲದವರಿಗೆ ಪ್ರೊಪ್ರನೊಲಾಲ್ ಎಂಬ ಇನ್ನೊಂದು ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಆದರೆ ಯಾರಾದರೂ ಗುರುತಿಸಬೇಕಲ್ವಾ?

ಆಂಟಿಸೈಕೋಟಿಕ್ ಔಷಧಿಗಳ ಬಗ್ಗೆ ನನಗೆ ಅನುಮಾನವಿಲ್ಲ. 1952ರಲ್ಲಿ ಪ್ಯಾರಿಸ್‌ನಲ್ಲಿ ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬರುವ ಮೊದಲು ಸ್ಕಿಜೋಫ್ರೇನಿಯಾ ಇದ್ದ ಎಷ್ಟೋ ಜನ ಆಸ್ಪತ್ರೆಯ ಗೋಡೆಗಳೊಳಗೇ ಮುದುಕರಾಗುತ್ತಿದ್ದರು. ಯಾರೂ ಇಲ್ಲದಾಗ ಕೇಳಿಸುವ ಮಾತು, ಊಟಕ್ಕೆ ವಿಷ ಹಾಕಿದ್ದಾರೆ ಎಂಬ ಸಂಶಯ ಈ ಮಾತ್ರೆಗಳಿಂದ ಕಡಿಮೆಯಾಗುತ್ತವೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ಇವು ತಡೆಯುತ್ತವೆ. ಅದೇ ಡೋಪಮಿನ್ ನಮ್ಮ ನಡಿಗೆ, ಕೈಚಳಕ, ಹಾರ್ಮೋನುಗಳಿಗೂ ಬೇಕು. ತೊಂದರೆ ಹುಟ್ಟುವುದು ಅಲ್ಲೇ.

ಹಾಲೊಪೆರಿಡಾಲ್ ಎಂಬ ಆಂಟಿಸೈಕೋಟಿಕ್ ಕೊಟ್ಟ ಒಂದೆರಡು ದಿನದಲ್ಲಿ ಹುಡುಗನ ಕತ್ತು ಒಂದೇ ಕಡೆ ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ನೋಡಿದವರಿಗೆ ಭಯವಾಗುತ್ತದೆ. ಮೈಮೇಲೆ ಏನೋ ಬಂದಿದೆ ಅಂದುಕೊಂಡು ಕಣಿ ಕೇಳಲು ಹೊರಡುತ್ತಾರೆ. ದಯವಿಟ್ಟು ಮೊದಲು ಹತ್ತಿರದ ಆಸ್ಪತ್ರೆಗೆ ಬನ್ನಿ. ಒಂದು ಇಂಜೆಕ್ಷನ್‌ಗೆ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಸರಿಹೋಗುವ ತೊಂದರೆ ಅದು.

ಕಾಫಿ ಕುಯ್ಲಿನಲ್ಲಿ ಎಷ್ಟೋ ತೋಟಗಳಲ್ಲಿ ಕೂಲಿ ಕೆಜಿ ಲೆಕ್ಕದಲ್ಲಿ. ಮಾತ್ರೆಯಿಂದ ಕೈ ಬಿಗಿಯಾಗಿ ಬೆರಳು ನಿಧಾನವಾದರೆ ಸಂಜೆ ತೂಕದಲ್ಲಿ ಗೊತ್ತಾಗಿಬಿಡುತ್ತದೆ. ಮೇಸ್ತ್ರಿ ಅದನ್ನು ಸೋಮಾರಿತನ ಅಂತಾನೆ. ಮನೆಯಲ್ಲೂ ಅದೇ ಮಾತು. ತೋಟದ ಕೂಲಿಗಳ ಲೈನ್ ಮನೆಯ ಅಂಥ ಹೆಂಗಸೊಬ್ಬಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟರೆ ಅವಳನ್ನು ನಾನು ಬೈಯಲಾರೆ. ಅವಳ ಕೂಲಿ ಹೋಗುತ್ತಿದೆ. ಮೊದಲೇ ಬಂದು ಹೇಳಿದ್ದರೆ ಡೋಸ್ ಸರಿಮಾಡಬಹುದಿತ್ತು. ಬಂದಾಗ ನಾವು ಕೇಳಬೇಕಿತ್ತು.

ಕಾಳುಮೆಣಸು ಕೊಯ್ಯುವವರಿಗೆ ಇನ್ನೊಂದು ಮಾತು. ಕ್ವೆಟಿಯಪಿನ್, ಕ್ಲೋಜಪಿನ್‌ನಂಥ ಮಾತ್ರೆಗಳ ಆರಂಭದಲ್ಲಿ ಎದ್ದು ನಿಂತ ತಕ್ಷಣ ಬಿಪಿ ಇಳಿದು ತಲೆ ಸುತ್ತುತ್ತದೆ. ಆ ಮೊದಲ ವಾರಗಳಲ್ಲಿ ಏಣಿ ಹತ್ತಬೇಡಿ.

ಹೆಣ್ಣುಮಕ್ಕಳು ಹೇಳಿಕೊಳ್ಳದ ತೊಂದರೆ ಬೇರೆಯೇ ಇದೆ. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ನಿಂದ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಮದುವೆಯಾಗದ ಹುಡುಗಿಯ ಮೇಲೆ ಮನೆಯವರೇ ಸಂಶಯಪಡುತ್ತಾರೆ. ಆ ಹುಡುಗಿ ಏನು ಅನುಭವಿಸಿರಬಹುದು ನೀವೇ ಯೋಚಿಸಿ. ಒಂದು ರಕ್ತ ಪರೀಕ್ಷೆಯಿಂದ ಪ್ರೊಲ್ಯಾಕ್ಟಿನ್ ಗೊತ್ತಾಗುತ್ತದೆ, ಔಷಧಿ ಬದಲಿಸಲೂ ಆಗುತ್ತದೆ.

ಒಲಾಂಜಪಿನ್ ಕೊಟ್ಟಾಗ ಹಸಿವು ಏರುತ್ತದೆ. "ಈಗ ಮೈಕೈ ತುಂಬಿಕೊಂಡಿದ್ದಾನೆ" ಅಂತ ಅಜ್ಜಿಗೆ ಖುಷಿ. ನನಗೆ ಚಿಂತೆ. ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟ್ರಾಲ್ ಇಷ್ಟನ್ನು ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಲೇಬೇಕು. ತೂಕ ಬೇಗ ಏರುತ್ತಿದ್ದರೆ ಅಷ್ಟು ದಿನವೂ ಕಾಯಬಾರದು.

ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡ ಕೆಲವು ಹಿರಿಯರ ಬಾಯಿ, ನಾಲಿಗೆ ತಾನಾಗಿ ಆಡುತ್ತಿರುತ್ತದೆ. ಎಲೆ ಅಡಿಕೆ ಜಗಿಯುತ್ತಿದ್ದಾರೆ ಅಂತ ಮನೆಯವರು ಸುಮ್ನಿರುತ್ತಾರೆ. ಇದು ಟಾರ್ಡಿವ್ ಡಿಸ್ಕೈನೀಸಿಯಾ. ಕೆಲವರಲ್ಲಿ ಔಷಧಿ ನಿಲ್ಲಿಸಿದ ಮೇಲೂ ಉಳಿದುಬಿಡುತ್ತದೆ. ಹಾಗಾಗಿ ಮೊದಲ ಲಕ್ಷಣಕ್ಕೇ ತೋರಿಸಿ.

ಮಳೆಗಾಲದ ಜ್ವರದ ಬಗ್ಗೆ ಎಚ್ಚರ ಬೇಕು. ಜೂನ್ ಬಂದರೆ ಕೊಡಗಿನಲ್ಲಿ ಮನೆಗೊಬ್ಬರಿಗೆ ಜ್ವರ, ಗಂಟಲು ನೋವು. ಆದರೆ ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಅದು ಬಿಳಿ ರಕ್ತಕಣ ಕುಸಿದ ಸೂಚನೆಯಾಗಿರಬಹುದು. ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸುವುದು ಇದಕ್ಕೇ. ರಸ್ತೆ ಕುಸಿದಿದೆ, ಬಸ್ಸಿಲ್ಲ ಅಂತ ತಪ್ಪಿಸಬೇಡಿ. ಕ್ಲೋಜಪಿನ್‌ನಿಂದ ಬರುವ ಮಲಬದ್ಧತೆಯನ್ನೂ ಹಗುರವಾಗಿ ನೋಡಬೇಡಿ, ಕರುಳೇ ನಿಂತುಹೋಗಿ ಜೀವಕ್ಕೆ ಅಪಾಯವಾದದ್ದಿದೆ. ಇನ್ನು ಯಾವುದೇ ಆಂಟಿಸೈಕೋಟಿಕ್ ತೆಗೆದುಕೊಳ್ಳುವವರಿಗೆ ಜೋರು ಜ್ವರ, ಮರದಂತೆ ಸೆಟೆದ ಮೈ, ಗೊಂದಲ ಒಟ್ಟಿಗೆ ಬಂದರೆ ಆ ಕ್ಷಣವೇ ಆಸ್ಪತ್ರೆ. ಅಪರೂಪ, ಆದರೆ ಪ್ರಾಣ ತೆಗೆಯುತ್ತದೆ.

ಮರೆವಿನ ಕಾಯಿಲೆ ಇರುವ ವಯಸ್ಸಾದವರಿಗೆ ಬರೀ ನಿದ್ದೆಗೆಂದು ಈ ಮಾತ್ರೆ ಕೊಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ನೋಡಿಕೊಳ್ಳುವವರು ಒಬ್ಬರೇ, ಅವರ ಕಷ್ಟ ನಿಜ. ಆದರೆ ಅಂಥವರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿ ಇಲ್ಲದಾಗ ಮಾತ್ರ, ಕಡಿಮೆ ಡೋಸ್, ಕಡಿಮೆ ದಿನ.

ಇಷ್ಟೆಲ್ಲ ಓದಿ ಮಾತ್ರೆ ಎಸೆಯಬೇಡಿ. ಬಿಟ್ಟ ಮರುದಿನವೇ ಕಾಯಿಲೆ ಸಾಮಾನ್ಯವಾಗಿ ಮರಳುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಚೆನ್ನಾಗಿಯೇ ಕಳೆಯುತ್ತವೆ. ಅದಕ್ಕೇ ಬಿಟ್ಟದ್ದು ಸರಿ ಅನ್ನಿಸಿಬಿಡುತ್ತದೆ, ಆಮೇಲೆ ಕಾಯಿಲೆ ಮರಳಬಹುದು. ಕಡಿಮೆ ಮಾಡಬೇಕಿದ್ದರೆ ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಮಾಡಿ. ಮುಂದಿನ ಸಲ ಬರುವಾಗ ಮಾತ್ರೆಯ ಸ್ಟ್ರಿಪ್ ತನ್ನಿ, ನಿದ್ದೆ, ಮುಟ್ಟು, ಮಲವಿಸರ್ಜನೆ, ಲೈಂಗಿಕ ತೊಂದರೆ ಯಾವುದನ್ನೂ ನಾಚಿಕೊಳ್ಳದೆ ಹೇಳಿ. ಮಡಿಕೇರಿಗೆ ಬರಲಾಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.