ಒಮ್ಮೆ ಬಂದು ಹೋದ ಕೋವಿಡ್ ಮಗುವಿಗೆ ಮತ್ತೆ ಬರುತ್ತದೆಯೇ?

ಪ್ರಶ್ನೆ: ಮಗಳು ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಅವಳಿಗೆ ಹಿಂದೊಮ್ಮೆ ಕೋವಿಡ್ ಬಂದು ವಾಸಿಯಾಗಿದೆ. ಇನ್ನು ತರಗತಿಯಲ್ಲಿ ಯಾರಿಗೆ ಬಂದರೂ ಅವಳಿಗೆ ತಗಲುವುದಿಲ್ಲ ಎಂದು ತಿಳಿಯಬಹುದೇ?

ತಿಳಿಯಬಾರದು. ಜೂನ್ ತಿಂಗಳ ಮಳೆ ಹಿಡಿದು ಮಕ್ಕಳು ಕೆಮ್ಮತೊಡಗಿದರೆ ಸಾಕು, ಪೋಷಕರ ಸಭೆಯಲ್ಲಿ ಈ ಪ್ರಶ್ನೆ ಏಳುತ್ತದೆ. ಇದಕ್ಕೆ ಎಷ್ಟು ಬಾರಿ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ‘ಒಮ್ಮೆ ಬಂದರೆ ಮುಗಿಯಿತು’ ಎಂಬ ನಂಬಿಕೆ ಅಲುಗಾಡದೆ ನಿಂತಿರುವುದರಿಂದ, ಈ ಸಲ ಅದರ ಬುಡವನ್ನೇ ನೋಡೋಣ.

ಈ ನಂಬಿಕೆ ದಡಾರ ಮತ್ತು ಅಮ್ಮ ಬಂದ ಮನೆಗಳ ಅನುಭವದಿಂದ ಹುಟ್ಟಿದ್ದು, ಆ ರೋಗಗಳ ಮಟ್ಟಿಗೆ ಹಿರಿಯರ ಮಾತು ಬಹುಪಾಲು ಸರಿಯೇ. ದಡಾರದ ವೈರಸ್ ಮೈ ಸೇರಿದ ಮೇಲೆ ಜ್ವರ ಕಾಣಿಸಲು ಸುಮಾರು 10 ದಿನ, ದದ್ದು ಏಳಲು ಸುಮಾರು 14 ದಿನ ಬೇಕು. ಆ ಅವಧಿಯಲ್ಲಿ ಅದು ರಕ್ತದೊಳಗೆ ಸುತ್ತಾಡುವುದರಿಂದ, ಹಳೆಯ ಸೋಂಕಿನ ನೆನಪುಳ್ಳ ಕೋಶಗಳಿಗೆ ಎಚ್ಚೆತ್ತು, ವೈರಸ್ಸಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ಸಿದ್ಧಪಡಿಸಿ, ಅದನ್ನು ನಡುದಾರಿಯಲ್ಲೇ ತಡೆಯಲು ಕಾಲಾವಕಾಶ ಸಿಗುತ್ತದೆ. ಕೊರೊನಾ ವೈರಸ್ ಹಾಗಲ್ಲ. ಅದು ಮೊದಲು ಮೂಗು ಮತ್ತು ಗಂಟಲಿನ ಒಳಪದರದಲ್ಲೇ ಬೆಳೆಯುತ್ತದೆ. ಒಮೈಕ್ರಾನ್ ತಳಿಗಳಲ್ಲಂತೂ ಸುಮಾರು 3 ದಿನಗಳಲ್ಲೇ ಲಕ್ಷಣ ತೋರಿಸಿ, ಪಕ್ಕದ ಬೆಂಚಿನ ಮಗುವಿಗೂ ದಾಟಬಲ್ಲದು. ಆ ಒಳಪದರವನ್ನು ಕಾಯುವ ಪ್ರತಿಕಾಯಗಳು ಕೆಲವು ತಿಂಗಳುಗಳಲ್ಲಿ ಕ್ಷೀಣಿಸುತ್ತವೆ. ಸಾಲದೆಂಬಂತೆ, ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನ್ ಬದಲಾಗುತ್ತಲೇ ಇರುತ್ತದೆ; ಹಳೆಯ ಚಹರೆಯನ್ನು ಗುರುತಿಟ್ಟುಕೊಂಡ ಪ್ರತಿಕಾಯಕ್ಕೆ ಹೊಸ ಚಹರೆ ಸರಿಯಾಗಿ ಸಿಕ್ಕುವುದಿಲ್ಲ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇ 61.6ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಆಗ ಮಕ್ಕಳಿಗೆ ಲಸಿಕೆಯೇ ಬಂದಿರಲಿಲ್ಲ. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ಅದೇ ವರ್ಷದ ಡಿಸೆಂಬರ್ 2ರಂದು ದೇಶದ ಮೊದಲ ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲೇ ಪತ್ತೆಯಾದವು. ಆ ಅಲೆ ಹಿಂದೆ ಸೋಂಕು ತಗಲಿದವರನ್ನೂ ಲಸಿಕೆ ಪಡೆದವರನ್ನೂ ಬಿಡಲಿಲ್ಲ. ಜನವರಿಯಲ್ಲಿ ಮತ್ತೆ ಮುಚ್ಚಿದ ನಗರದ ಕೆಳ ತರಗತಿಗಳು ತೆರೆದದ್ದು 2022ರ ಜನವರಿ 31ರಂದು.

ಹಾಗಾದರೆ ಮೊದಲ ಸೋಂಕಿನಿಂದ ಉಪಯೋಗವೇ ಇಲ್ಲವೇ? ಇದೆ. ರೋಗ ಶ್ವಾಸಕೋಶಕ್ಕಿಳಿದು ಉಲ್ಬಣಿಸದಂತೆ ನೆನಪಿನ ಕೋಶಗಳು ನೋಡಿಕೊಳ್ಳುತ್ತವೆ. ಆರೋಗ್ಯವಂತ ಮಕ್ಕಳಲ್ಲಿ ಎರಡನೆಯ ಸೋಂಕು ಸಾಮಾನ್ಯವಾಗಿ ಶೀತ, ಜ್ವರಗಳಲ್ಲೇ ಮುಗಿಯುತ್ತದೆ. ಆದ್ದರಿಂದ ಶಾಲೆ ಬಿಡಿಸುವ ಅಗತ್ಯವಿಲ್ಲ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವ ಮಗು ಮತ್ತು ಮನೆಯಲ್ಲಿರುವ ಅಜ್ಜಿಯ ವಿಷಯ ಬೇರೆ. ತರಗತಿಯ ಕಿಟಕಿಗಳನ್ನು ಮಳೆಯಲ್ಲೂ ಸ್ವಲ್ಪ ತೆರೆದಿಡುವಂತೆ ಶಿಕ್ಷಕರನ್ನು ಕೇಳಿ; ಫ್ಯಾನ್ ತಿರುಗಿಸುವುದು ಒಳಗಿನ ಗಾಳಿಯನ್ನೇ.

ಯಾರೂ ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕಾಗಿದೆ: ಜ್ವರ ಬಂದ ಮಗು ಶಾಲೆಗೆ ಬರುವುದಾದರೂ ಏಕೆ? ಜ್ವರ, ಕೆಮ್ಮು, ಶೀತ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ ಎಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಸಲಹೆ ಸರಿಯಾದದ್ದೇ. ಆದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಒಂದು ರಜೆಯೆಂದರೆ ಒಂದು ದಿನದ ಸಂಬಳ; ಬೀಗ ಹಾಕಿದ ಒಂಟಿ ಕೋಣೆಯ ಮನೆಯಲ್ಲಿ ಮಗುವನ್ನು ಬಿಟ್ಟು ಹೋಗುವುದಕ್ಕಿಂತ, ಮಧ್ಯಾಹ್ನ ಬಿಸಿಯೂಟವಾದರೂ ಸಿಗುವ ಶಾಲೆಗೇ ಕಳುಹಿಸುವುದು ಅವಳಿಗೆ ಮೇಲೆನಿಸುತ್ತದೆ. ಅವಳನ್ನು ಸಭೆಯಲ್ಲಿ ಬೈಯುವುದು ಅನ್ಯಾಯ. ನಿಮ್ಮ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಎರಡು ವಿಷಯಗಳನ್ನು ಎತ್ತಿ. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಇದ್ದರೆ ಕೈಬಿಡಲಿ. ಜ್ವರ ಬಂದ ಮಗುವನ್ನು ಹಗಲು ಹೊತ್ತು ನೋಡಿಕೊಳ್ಳಬಲ್ಲವರು ಬೀದಿಯಲ್ಲಿ ಯಾರಿದ್ದಾರೆಂದು ಪೋಷಕರೇ ಕುಳಿತು, ಮಳೆಗಾಲ ಬಲಿಯುವ ಮುನ್ನ ಒಂದು ಪಟ್ಟಿ ಮಾಡಿಕೊಳ್ಳಲಿ.